ಹಾಸ್ಟೆಲ್ಲೋ, ಪಿಜಿಯೋ, ನಾಲ್ಕು ಜನ ಸೇರಿ ಮನೆಯೋ? ತುಮಕೂರಿಗೆ ಓದಲು ಬರುವವರಿಗೆ

ಅಕ್ಕನ ಮಗಳಿಗೆ ತುಮಕೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಸಿಕ್ಕ ದಿನ ಸಂಜೆಯೇ ಫೋನು ಬಂತು. "ಚಿಕ್ಕಮ್ಮ, ನಾವು ನಾಲ್ಕು ಜನ ಸೇರಿ ಡಬಲ್ ಬೆಡ್‌ರೂಮ್ ಮನೆ ಮಾಡ್ತೀವಿ. ಹಾಸ್ಟೆಲ್‌ಗಿಂತ ಚೀಪ್ ಆಗುತ್ತೆ. ಅಮ್ಮಂಗೆ ನೀನೇ ಹೇಳಿ ಒಪ್ಪಿಸು."

ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಅದೇ ಊರಿನಲ್ಲಿ ಐದು ವರ್ಷ ಓದಿದವಳು ನಾನು. ಬಿ.ಎಸ್ಸಿ.ಯ ಮೂರು ವರ್ಷ ಸರ್ಕಾರಿ ಹಾಸ್ಟೆಲ್. ಎಂ.ಎಸ್ಸಿ.ಗೆ ಸೇರಿದ ಮೇಲೆ ಆರು ತಿಂಗಳು ಪಿಜಿ. ಉಳಿದ ಒಂದೂವರೆ ವರ್ಷ ಅಶೋಕನಗರದಲ್ಲಿ ಎರಡನೇ ಮಹಡಿಯ ಒಂದು ಬಾಡಿಗೆ ಮನೆ, ನಾಲ್ಕು ಜನ ಹುಡುಗಿಯರು. ಮೂರರ ಅನ್ನವನ್ನೂ ಉಂಡಿದ್ದೇನೆ. ಅವಳಿಗೆ ಅವತ್ತು ರಾತ್ರಿ ಬರೆದು ಕಳಿಸಿದ್ದನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಹಾಕಿದ್ದೇನೆ. ಹುಡುಗರಿಗೂ ಇದರಲ್ಲಿ ಮುಕ್ಕಾಲು ಪಾಲು ಅನ್ವಯಿಸುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಚೀಪ್ ಆಗುತ್ತೆ ಅಂತ ಮನೆ ಮಾಡಬೇಡಿ. ಆಗಬಹುದು, ಆಗದೆಯೂ ಇರಬಹುದು. ಮನೆ ಮಾಡಿದರೆ ಸಿಗುವುದು ಸ್ವಾತಂತ್ರ್ಯ. ಅದಕ್ಕೆ ನೀವು ಕೊಡುವುದು ಬರೀ ದುಡ್ಡಲ್ಲ, ದಿನಕ್ಕೆ ಎರಡು ಗಂಟೆ ಸಮಯ ಮತ್ತು ಸ್ವಲ್ಪ ಸ್ನೇಹ. ಆ ಎರಡೂ ನಿಮ್ಮ ಹತ್ತಿರ ಇದೆಯಾ ಅನ್ನುವುದೇ ಇಲ್ಲಿ ನೋಡಬೇಕಾದ ಪ್ರಶ್ನೆ.

ಕ್ಲಾಸು ಎಲ್ಲಿ ನಡೆಯುತ್ತೆ?

ನಗಬೇಡಿ. ಇದನ್ನು ಕೇಳದೆ ಅಡ್ವಾನ್ಸ್ ಕೊಟ್ಟವರು ಇದ್ದಾರೆ.

ತುಮಕೂರು ದೊಡ್ಡ ಊರೇನಲ್ಲ, ಆದರೆ ಕಾಲೇಜುಗಳು ದಿಕ್ಕಿಗೊಂದು ಇವೆ. ತುಮಕೂರು ವಿಶ್ವವಿದ್ಯಾನಿಲಯ ಬೆಂಗಳೂರು ವಿ.ವಿ.ಯಿಂದ ಬೇರೆಯಾಗಿ ಶುರುವಾಗಿದ್ದು 2004ರಲ್ಲಿ. ಅದರ ಕಲಾ ಕಾಲೇಜು, ವಿಜ್ಞಾನ ಕಾಲೇಜು ಊರ ನಡುವೆ, ಬಿ.ಎಚ್. ರಸ್ತೆಯಲ್ಲೇ ಇವೆ. ಹೊಸ ಕ್ಯಾಂಪಸ್ ಇರುವುದು ಊರಾಚೆ ಬಿದರಕಟ್ಟೆಯಲ್ಲಿ. ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜು, ಎಲ್ಲರೂ ಎಸ್.ಐ.ಟಿ. ಅನ್ನುವುದು, 1963ರಿಂದ ಬಿ.ಎಚ್. ರಸ್ತೆಯಲ್ಲಿದೆ. ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜು ಕುಣಿಗಲ್ ರಸ್ತೆಯ ಮರಳೂರಿನಲ್ಲಿ, ಅದರ ಮೆಡಿಕಲ್ ಕಾಲೇಜು ಅಗಳಕೋಟೆಯಲ್ಲಿ. (ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ. ಮೂರು ವರ್ಷ ಆ ರಸ್ತೆಯಲ್ಲೇ ಓಡಾಡಿ, ಬೆಂಗಳೂರು ಹೈವೇ ಅಂದುಕೊಂಡಿದ್ದೆ.)

ಎಲ್ಲರೂ ಅಲ್ಲೇ ಇದ್ದಾರೆ ಅಂತ ಎಸ್.ಐ.ಟಿ. ಬಡಾವಣೆಯಲ್ಲಿ ಮನೆ ಹಿಡಿದು, ಆಮೇಲೆ ನಿಮ್ಮ ವಿಭಾಗ ಬಿದರಕಟ್ಟೆಯಲ್ಲಿದೆ ಅಂತ ಗೊತ್ತಾದರೆ ದಿನಾ ಎರಡು ಸಲ ಬಸ್ಸಿಗೆ ಕಾಯಬೇಕು. ಹುಡುಗಿಯರಿಗೆ ದುಡ್ಡಿನ ಚಿಂತೆ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳು ಉಚಿತ. ಆದರೆ ಸಮಯ ಉಚಿತವಲ್ಲ, ಅಲ್ವಾ? ಸಂಜೆ ಪ್ರಾಕ್ಟಿಕಲ್ ಐದೂವರೆಗೆ ಮುಗಿದರೆ ಆಮೇಲೆ ಬಸ್ಸು ಎಷ್ಟು ಹೊತ್ತಿಗೆ ಅಂತ ಸೀನಿಯರ್‌ಗಳನ್ನೇ ಕೇಳಿ. ಕಾಲೇಜು ಆಫೀಸಿನಲ್ಲಿ ಕೇಳಬೇಡಿ, ಅವರು ಬೈಕಿನಲ್ಲಿ ಬರುತ್ತಾರೆ.

ಗುಬ್ಬಿ, ಕೊರಟಗೆರೆ ಕಡೆಯವರಾದರೆ ಇನ್ನೊಂದು ದಾರಿಯೂ ಇದೆ: ಮನೆಯಿಂದಲೇ ಓಡಾಡುವುದು. ಗುಬ್ಬಿ ಸುಮಾರು 20 ಕಿ.ಮೀ., ಬಸ್ಸೂ ಉಂಟು, ರೈಲೂ ಉಂಟು. ಬಾಗಿಲಿಂದ ಬಾಗಿಲಿಗೆ ಒಂದು ಗಂಟೆಯೊಳಗೆ ತಲುಪುವುದಾದರೆ, ಮನೆಯಲ್ಲಿ ಕೂತು ಓದಲು ಒಂದು ಮೂಲೆ ಇದ್ದರೆ, ಮೊದಲ ಸೆಮಿಸ್ಟರ್ ಓಡಾಡಿಯೇ ನೋಡಿ. ಪಾವಗಡದವರಿಗೆ ಈ ಪ್ಯಾರಾ ಬೇಡ. ನಮ್ಮ ಮಧುಗಿರಿ ಕಡೆಯ ಹಳ್ಳಿಗಳವರು ಓಡಾಡುವುದನ್ನು ನೋಡಿದ್ದೇನೆ. ಎರಡನೇ ತಿಂಗಳಿಗೆ ಬಸ್ಸಿನಲ್ಲೇ ನಿದ್ದೆ ಮಾಡಲು ಕಲಿಯುತ್ತಾರೆ, ಮೂರನೇ ತಿಂಗಳಿಗೆ ಕ್ಲಾಸಿನಲ್ಲಿ.

ಹಾಸ್ಟೆಲ್

ಹಾಸ್ಟೆಲ್ ಅಂದರೆ ಒಂದೇ ಅಲ್ಲ. ಸಮಾಜ ಕಲ್ಯಾಣ ಇಲಾಖೆಯದು, ಹಿಂದುಳಿದ ವರ್ಗಗಳ ಇಲಾಖೆಯದು (ಬಿಸಿಎಂ ಹಾಸ್ಟೆಲ್ ಅಂದರೆ ಆಟೋದವರಿಗೂ ಗೊತ್ತು), ಕಾಲೇಜುಗಳ ಸ್ವಂತ ಹಾಸ್ಟೆಲ್, ಜಾತಿ ಸಂಘಗಳವು. ಇಲಾಖೆಯ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕರೆ ಊಟ, ವಾಸ ಎರಡೂ ಉಚಿತ. ಇದಕ್ಕಿಂತ ಚೀಪ್ ಯಾವ ಮನೆಯೂ ಆಗಲ್ಲ. ಅಕ್ಕನ ಮಗಳ ಲೆಕ್ಕ ಅಲ್ಲೇ ತಪ್ಪಿತ್ತು.

ತೊಂದರೆ ಏನೆಂದರೆ, ಅರ್ಜಿ ಹಾಕಬೇಕಾದ್ದು ಕಾಲೇಜಿಗೆ ಸೇರಿದ ಮೇಲೆ. ಆಯ್ಕೆ ಪಟ್ಟಿ ಬರುವ ಹೊತ್ತಿಗೆ ಕ್ಲಾಸು ಶುರುವಾಗಿರುತ್ತದೆ. ಈ ನಡುವಿನ ದಿನಗಳಿಗೆ ಎಲ್ಲಿರಬೇಕು ಅನ್ನುವುದನ್ನು ಮೊದಲೇ ಯೋಚಿಸಿ. ನಾನು ಶಿರಾಗೇಟ್ ಹತ್ತಿರ ದೂರದ ನೆಂಟರ ಮನೆಯಲ್ಲಿ ಇಪ್ಪತ್ತು ದಿನ ಇದ್ದೆ. ಒಂದು ವಾರ ನೆಂಟಳಾಗಿದ್ದೆ, ಆಮೇಲೆ ಅವರ ಮಗನಿಗೆ ಟ್ಯೂಷನ್ ಮೇಡಂ ಆದೆ.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸೀಟು ಸಿಗದೇ ಹೋದರೆ ವಿದ್ಯಾಸಿರಿ ಇದೆ. ಊಟ, ವಸತಿಗೆ ಅಂತ ತಿಂಗಳಿಗೆ ಇಷ್ಟು ಅನ್ನುವ ಲೆಕ್ಕದಲ್ಲಿ 10 ತಿಂಗಳ ದುಡ್ಡು, ನೇರ ಬ್ಯಾಂಕ್ ಖಾತೆಗೆ. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ದುಡ್ಡು ಬರುವುದು ತಿಂಗಳು ತಿಂಗಳು ಅಂತ ನಂಬಿಕೊಂಡು ಮಾತ್ರ ಬಾಡಿಗೆ ಮಾತಾಡಬೇಡಿ. ಆ 10 ತಿಂಗಳು ಅನ್ನುವುದನ್ನು ಮಾತ್ರ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಾಸ್ಟೆಲ್ ಹೇಗಿರುತ್ತದೆ? ಊಟದ ಬಗ್ಗೆ ಎಲ್ಲರೂ ಬೈಯುತ್ತಾರೆ, ನಾವೂ ಬೈದಿದ್ದೆವು. ಸಾರಿನಲ್ಲಿ ಬೇಳೆ ಹುಡುಕುವುದು ನಮಗೆ ಆಟವಾಗಿತ್ತು. ಆದರೆ ಮೂರು ವರ್ಷ, ಹೊತ್ತಿಗೆ ಸರಿಯಾಗಿ, ತಟ್ಟೆಗೆ ಬಂತು. ಬೆಳಗ್ಗೆ ಸ್ನಾನಕ್ಕೆ ಬಕೆಟ್ ಸಾಲು. ರಾತ್ರಿ ಗೇಟು ಬೇಗ ಮುಚ್ಚುತ್ತದೆ. ಒಂದು ರೂಮಿನಲ್ಲಿ ಏಳೆಂಟು ಜನ ಇದ್ದಾಗ ಒಬ್ಬಳ ಅಲಾರಂಗೆ ಎಂಟು ಜನ ಏಳಬೇಕು, ಅವಳೊಬ್ಬಳನ್ನು ಬಿಟ್ಟು. ನಾನಿದ್ದ ಕಡೆ ಒಂದು ಬೇಸಿಗೆ ಓವರ್‌ಹೆಡ್ ಟ್ಯಾಂಕ್ ತೊಳೆದೇ ಇರಲಿಲ್ಲ. ಅರ್ಧ ಹಾಸ್ಟೆಲ್ ಜ್ವರ ಬಂದು ಊರಿಗೆ ಹೋಯಿತು.

ಆದರೂ ಹೇಳುತ್ತೇನೆ, ಡಿಗ್ರಿಯ ಮೊದಲ ವರ್ಷಕ್ಕೆ ಹಾಸ್ಟೆಲ್ಲೇ ಸರಿ. ಸೀನಿಯರ್‌ಗಳ ನೋಟ್ಸ್, ಯಾವ ಲೆಕ್ಚರರ್ ಯಾವ ಪ್ರಶ್ನೆ ಕೇಳುತ್ತಾರೆ ಅನ್ನುವ ಗುಟ್ಟು, ಸ್ಕಾಲರ್‌ಶಿಪ್ ಅರ್ಜಿಯ ಕೊನೆ ದಿನ ಯಾವತ್ತು ಅನ್ನುವ ಸುದ್ದಿ, ಇವೆಲ್ಲ ಹಾಸ್ಟೆಲ್ ಮೆಟ್ಟಿಲ ಮೇಲೆ ಸಿಗುತ್ತವೆ. ಮುಖ್ಯವಾಗಿ, ಯಾರ ಜೊತೆ ಇರಬಹುದು, ಯಾರ ಜೊತೆ ಆಗಲ್ಲ ಅನ್ನುವುದು ಗೊತ್ತಾಗುತ್ತದೆ. ಮನೆ ಮಾಡುವುದಾದರೆ ಆ ಪಟ್ಟಿ ಬೇಕು.

ಪಿಜಿ

ಇದರ ಬಗ್ಗೆ ಜಾಸ್ತಿ ಹೇಳಲು ನನಗೆ ಮನಸ್ಸಿಲ್ಲ. ಪಿಜಿ ಒಂದು ತಂಗುದಾಣ. ಹಾಸ್ಟೆಲ್ ಸಿಗುವವರೆಗೆ, ಮನೆ ಹುಡುಕುವವರೆಗೆ, ಇಲ್ಲವೇ ಕೊನೆಯ ಸೆಮಿಸ್ಟರ್‌ನ ನಾಲ್ಕು ತಿಂಗಳಿಗೆ ಒಳ್ಳೆಯದು. ಚಾಪೆ, ಪಾತ್ರೆ ಏನೂ ಹೊರಬೇಕಾಗಿಲ್ಲ. ಎರಡು ಬ್ಯಾಗ್ ತಗೊಂಡು ಹೋಗಬಹುದು, ಹಾಗೇ ಬರಬಹುದು.

ಬರುವಾಗಲೇ ಕಷ್ಟ. ನಾನು ಬಿಟ್ಟಾಗ ಒಂದು ತಿಂಗಳು ಮುಂಚೆ ಹೇಳಿಲ್ಲ ಅಂತ ಅಡ್ವಾನ್ಸ್‌ನಲ್ಲಿ ಅರ್ಧ ಹಿಡಿದರು. ಹೇಳಿದ್ದೆ, ಆದರೆ ಬಾಯಲ್ಲಿ ಹೇಳಿದ್ದೆ. ನೀವು ವಾಟ್ಸಾಪಿನಲ್ಲಿ ಬರೆದು ಹಾಕಿ.

ನೋಡಲು ಹೋದರೆ ಬೆಳಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆಗ ಎಲ್ಲರೂ ಕಾಲೇಜಿಗೆ ಹೋಗಿರುತ್ತಾರೆ, ಪಿಜಿ ದೇವಸ್ಥಾನದ ಹಾಗೆ ಶಾಂತವಾಗಿರುತ್ತದೆ. ರಾತ್ರಿ ಎಂಟಕ್ಕೆ ಹೋಗಿ. ಊಟದ ಹೊತ್ತು, ಬಾತ್‌ರೂಮ್ ಸಾಲು, ವೈಫೈ ಓಡುತ್ತಾ ಇಲ್ಲವಾ, ಎಲ್ಲ ಒಟ್ಟಿಗೆ ಕಾಣುತ್ತದೆ. ಒಂದು ಊಟ ದುಡ್ಡು ಕೊಟ್ಟು ಅಲ್ಲೇ ಉಣ್ಣಿ. ಓನರ್ ಹೇಳಿದ್ದನ್ನು ಬಿಟ್ಟು, ಅಲ್ಲಿ ಬಟ್ಟೆ ಒಣಹಾಕುತ್ತಿರುವ ಹುಡುಗಿಯನ್ನು ಕೇಳಿ.

ಇನ್ನೊಂದು ವಿಷಯ, ಯಾರಾದರೂ ಬಿಲ್ಲಿಗೆ ಜಿಎಸ್‌ಟಿ ಸೇರಿಸಿದರೆ ಸುಮ್ನೆ ಕೊಡಬೇಡಿ. 2024ರ ಜುಲೈಯಿಂದ ನಿಯಮ ಸ್ಪಷ್ಟವಾಗಿದೆ: ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದಿದ್ದರೆ ಮತ್ತು ಕನಿಷ್ಠ 90 ದಿನ ಸತತವಾಗಿ ಇದ್ದರೆ ಇಂಥ ವಸತಿಗೆ ಜಿಎಸ್‌ಟಿ ಇಲ್ಲ.

ನಾಲ್ಕು ಜನ ಸೇರಿ ಮನೆ

ಈಗ ಅಸಲು ವಿಷಯ.

ಹೊರದೇಶದ ಯೂನಿವರ್ಸಿಟಿಗಳಲ್ಲಿ ಅಪಾರ್ಟ್‌ಮೆಂಟ್ ಹಾಸ್ಟೆಲ್ ಅಂತ ಇರುತ್ತದೆ. ಮೂರು ನಾಲ್ಕು ರೂಮು, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಒಂದು ಹಾಲ್. ನೋಡಲು ನಮ್ಮ ಬಾಡಿಗೆ ಮನೆಯ ಥರವೇ. ಅಕ್ಕನ ಮಗಳು ಯೂಟ್ಯೂಬಿನಲ್ಲಿ ನೋಡಿ ಆಸೆಪಟ್ಟಿದ್ದೂ ಅದನ್ನೇ. ಆದರೆ ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದು ವಿಡಿಯೋದಲ್ಲಿ ಕಾಣಲ್ಲ. ಕ್ಯಾಂಪಸ್ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಪ್ರತಿ ವಿದ್ಯಾರ್ಥಿಗೂ ಅವರವರ ಹಾಸಿಗೆಗೆ, ಅವರವರ ರೂಮಿಗೆ ಬೇರೆ ಬೇರೆ ಕರಾರು. ಒಬ್ಬಳು ನಡುವೆ ಬಿಟ್ಟು ಹೋದರೆ ಅದು ಅವಳ ಮತ್ತು ಯೂನಿವರ್ಸಿಟಿಯ ತಲೆನೋವು. ಆ ಜಾಗಕ್ಕೆ ಅವರು ಬೇರೆಯವರನ್ನು ಹಾಕಿಕೊಳ್ಳುತ್ತಾರೆ. ಉಳಿದವರ ಬಾಡಿಗೆ ಒಂದು ಪೈಸೆಯೂ ಏರಲ್ಲ.

ಇಲ್ಲಿ ಮನೆ ಒಂದು, ಬಾಡಿಗೆ ಒಂದು, ಓನರ್ ಪುಸ್ತಕದಲ್ಲಿ ಹೆಸರೂ ಒಂದು. ಒಬ್ಬಳು ಹೋದರೆ ಉಳಿದವರ ತಲೆಯ ಮೇಲೆ.

ನಮಗೆ ಆಗಿದ್ದು ಅದೇ. ಮನೆ ಬಾಡಿಗೆ ಆಗ 6,000. ತಲೆಗೆ 1,500. ಐದನೇ ತಿಂಗಳಿಗೆ ನಮ್ಮಲ್ಲೊಬ್ಬಳಿಗೆ ಮದುವೆ ಗೊತ್ತಾಯಿತು. ಹಣ್ಣು ಹಂಚಿ, ಅತ್ತು, ಹೊರಟಳು. ಮುಂದಿನ ತಿಂಗಳಿಂದ ನಮ್ಮ ತಲೆಗೆ 2,000. ಅದಾದರೂ ಹೇಗೋ ಆಯಿತು. ಅವಳ ಅಪ್ಪ ಫೋನ್ ಮಾಡಿ, "ಅಡ್ವಾನ್ಸ್‌ನಲ್ಲಿ ನಮ್ಮ ಪಾಲು 7,500 ಕಳಿಸಿಕೊಡಮ್ಮಾ" ಅಂದರು. ಕೇಳಿದ್ದು ನ್ಯಾಯವೇ. 30,000 ಅಡ್ವಾನ್ಸ್ ನಾಲ್ಕು ಜನ ಸೇರಿಯೇ ಕೊಟ್ಟಿದ್ದು. ಆದರೆ ಮನೆ ಖಾಲಿ ಮಾಡುವವರೆಗೆ ಓನರ್ ಕೊಡಲ್ಲ. ಅದೂ ನ್ಯಾಯವೇ. ನಡುವೆ ಸಿಕ್ಕಿಕೊಂಡಿದ್ದು ನಾವು ಮೂವರು. ತಿಂಗಳಿಗೆ ತಲೆಗೆ 500ರಂತೆ ಐದು ತಿಂಗಳು ಕಟ್ಟಿ ತೀರಿಸಿದೆವು. ಅವಳ ಮದುವೆಗೆ ಉಡುಗೊರೆ ಕೊಡಲು ದುಡ್ಡಿರಲಿಲ್ಲ. ಒಂದು ಟಿಫಿನ್ ಬಾಕ್ಸ್ ಕೊಟ್ಟೆವು.

ಅದಕ್ಕೇ, ಮನೆಗೆ ಹಾಲು ಉಕ್ಕಿಸುವ ಮುಂಚೆ ಒಂದು ಹಾಳೆಯಲ್ಲಿ ಬರೆದು ನಾಲ್ಕೂ ಜನ ಸಹಿ ಹಾಕಿ. ಬಿಟ್ಟು ಹೋಗುವವಳು ತನ್ನ ಜಾಗಕ್ಕೆ ಒಬ್ಬಳನ್ನು ತರಬೇಕು. ಬರುವವಳನ್ನು ಉಳಿದವರು ಒಪ್ಪಬೇಕು. ಬಂದವಳೇ ಹೋಗುವವಳಿಗೆ ಅಡ್ವಾನ್ಸ್ ಪಾಲು ಕೊಡಬೇಕು. ಯಾರೂ ಸಿಗದಿದ್ದರೆ, ಮನೆ ಖಾಲಿ ಮಾಡಿದ ಮೇಲೆಯೇ ದುಡ್ಡು. ಗೆಳತಿಯರ ನಡುವೆ ಇಂಥ ಕಾಗದ ಯಾಕೆ ಅಂತ ಮುಜುಗರ ಆಗುತ್ತೆ, ನಿಜ. ಅಪ್ಪಂದಿರ ಫೋನ್ ಬಂದಾಗ ಆಗುವ ಮುಜುಗರ ಇದಕ್ಕಿಂತ ಜಾಸ್ತಿ.

ಓನರ್ ಜೊತೆಗಿನ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಇದರ ಹಿಂದೆ ಶಾಸ್ತ್ರ ಏನಿಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಓಡಾಟ ಬೇಡ ಅಂತ ಎಲ್ಲರೂ 11ಕ್ಕೆ ನಿಲ್ಲಿಸುತ್ತಾರೆ. ಕರಾರಿನಲ್ಲಿ ನಾಲ್ವರ ಹೆಸರೂ ಬರಲಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನುವುದೂ ಬರಲಿ. ಹೋದ ದಿನವೇ ಗೋಡೆ, ನಲ್ಲಿ, ಸ್ವಿಚ್ಚು ಎಲ್ಲದರ ವಿಡಿಯೋ ಮಾಡಿಟ್ಟುಕೊಳ್ಳಿ. ಲೀಸ್‌ಗೆ ಮನೆ ಇದೆ, ತಿಂಗಳ ಬಾಡಿಗೆಯೇ ಇಲ್ಲ ಅಂತ ಯಾರಾದರೂ ಹೇಳಿದರೆ ನೀವು ಆ ಕಡೆ ತಿರುಗಿಯೂ ನೋಡಬೇಡಿ. ಲಕ್ಷಗಟ್ಟಲೆ ದುಡ್ಡು ಒಟ್ಟಿಗೆ ಕೊಟ್ಟು, ಅದು ವಾಪಸ್ ಬರಲಿ ಅಂತ ಕಾಯುವುದು ವಿದ್ಯಾರ್ಥಿಗಳ ಕೆಲಸ ಅಲ್ಲ.

ಮನೆ ಸಿಗುವುದೂ ಸಲೀಸಲ್ಲ. ಟು-ಲೆಟ್ ಬೋರ್ಡ್ ನೋಡಿ ಬೆಲ್ ಮಾಡಿದರೆ ಮೊದಲ ಪ್ರಶ್ನೆ "ಫ್ಯಾಮಿಲಿನಾ?" ಎರಡನೆಯದು "ನೀವು ಯಾವ ಜನ?" ಹುಡುಗರಾದರೆ ಮೊದಲನೆಯದಕ್ಕೇ ಬಾಗಿಲು ಮುಚ್ಚುತ್ತದೆ. ಎರಡನೆಯದಕ್ಕೆ ನಮ್ಮಲ್ಲೊಬ್ಬಳು "ಎಂ.ಎಸ್ಸಿ. ಜನ" ಅಂದಿದ್ದಳು. ಆ ಮನೆ ಸಿಗಲಿಲ್ಲ. ಸಿಕ್ಕ ಮನೆಯ ಆಂಟಿ ಏನೂ ಕೇಳಲಿಲ್ಲ, "ನೀರು ನೋಡಿ ಖರ್ಚು ಮಾಡಿ" ಅಂದರು ಅಷ್ಟೇ. ಓನರ್ ಕೆಳಗಡೆಯೇ ಇದ್ದರೆ ಅಪ್ಪ ಅಮ್ಮನಿಗೆ ನೆಮ್ಮದಿ. ನಿಮಗೆ ಮಾತ್ರ ರಾತ್ರಿ ಹತ್ತರ ಗೇಟು ಇಲ್ಲೂ ತಪ್ಪಲ್ಲ.

ಹತ್ತು ತಿಂಗಳು, ಹನ್ನೆರಡು ತಿಂಗಳು

ವಿದ್ಯಾಸಿರಿಯ 10 ತಿಂಗಳು ನೆನಪಿದೆಯಾ? ಸರ್ಕಾರದ ಲೆಕ್ಕದಲ್ಲಿ ವಿದ್ಯಾರ್ಥಿಯ ವರ್ಷಕ್ಕೆ ಹತ್ತು ತಿಂಗಳು. ಮನೆ ಓನರ್ ಲೆಕ್ಕದಲ್ಲಿ ಹನ್ನೆರಡು.

ಸುಮ್ನೆ ಒಂದು ಉದಾಹರಣೆ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಮನೆ ಬಾಡಿಗೆ 12,000 ಅನ್ನಿ. ನಾಲ್ಕು ಜನಕ್ಕೆ ತಲೆಗೆ 3,000. ವರ್ಷಕ್ಕೆ 36,000. ಪರೀಕ್ಷೆ ರಜೆ, ದಸರಾ, ಬೇಸಿಗೆ ಎಲ್ಲ ಕಳೆದು ನೀವು ಇರುವುದು ಹತ್ತು ತಿಂಗಳಾದರೆ, ಇದ್ದ ತಿಂಗಳಿಗೆ ಬಿದ್ದದ್ದು 3,600. ಇದಕ್ಕೆ ದಿನಸಿ, ಹಾಲು, ತರಕಾರಿ, ಗ್ಯಾಸ್, ಕುಡಿಯುವ ನೀರು, ಇಂಟರ್ನೆಟ್ ಸೇರಿಸಿ. ಆಮೇಲೆ ಪಿಜಿಯವರು ಊಟ ಸೇರಿಸಿ ಹೇಳಿದ ರೇಟಿನ ಪಕ್ಕದಲ್ಲಿಡಿ. ಹೀಗೆ ಇಟ್ಟು ನೋಡಿದಾಗಲೂ ಮನೆಯೇ ಕಡಿಮೆ ಬಂದರೆ ಒಳ್ಳೆಯದು. ಆದರೆ ಬರೀ 3,000 ನೋಡಿ ಕುಣಿಯಬೇಡಿ.

ಮೊದಲ ತಿಂಗಳ ಖರ್ಚು ಬೇರೆಯೇ. ಕುಕ್ಕರ್, ಒಲೆ, ಮಿಕ್ಸಿ, ಬಕೆಟ್ಟು, ಪೊರಕೆ. ಹಿಂದಿದ್ದವರು ಬಲ್ಬುಗಳನ್ನೂ ಬಿಚ್ಚಿಕೊಂಡು ಹೋಗಿರುತ್ತಾರೆ. ಯಾವುದನ್ನೂ ದುಡ್ಡು ಸೇರಿಸಿ ಕೊಳ್ಳಬೇಡಿ. ಒಬ್ಬಳು ಕುಕ್ಕರ್ ತರಲಿ, ಒಬ್ಬಳು ಮಿಕ್ಸಿ, ಒಬ್ಬಳು ಒಲೆ. ಹೋಗುವಾಗ ಅವರವರದು ಅವರವರಿಗೆ. ಮಿಕ್ಸಿಯನ್ನು ನಾಲ್ಕು ಪಾಲು ಮಾಡಲಾಗುವುದಿಲ್ಲ, ಜಾರುಗಳು ಮೂರೇ ಇರುವುದು.

ಗ್ಯಾಸಿಗೆ ಹೆದರಬೇಕಾಗಿಲ್ಲ. ವಿಳಾಸದ ದಾಖಲೆ ಇಲ್ಲದೆ, ಗುರುತಿನ ಚೀಟಿ ತೋರಿಸಿ ಕೊಳ್ಳಬಹುದಾದ 5 ಕೆ.ಜಿ. ಸಿಲಿಂಡರ್ ಇದೆ. ಇಂಡೇನ್‌ನವರು ಅದಕ್ಕೆ ಛೋಟು ಅಂತ ಹೆಸರಿಟ್ಟಿದ್ದಾರೆ. ಒಂದು ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಬಹುದು. ಸಬ್ಸಿಡಿ ಇಲ್ಲ, ಕೆ.ಜಿ. ಲೆಕ್ಕಕ್ಕೆ ದೊಡ್ಡದಕ್ಕಿಂತ ದುಬಾರಿ, ಆದರೆ ರೀಫಿಲ್ ಅಂಗಡಿಯ ಕದ್ದ ಗ್ಯಾಸಿಗಿಂತ ಸಾವಿರ ಪಾಲು ಸುರಕ್ಷಿತ.

ಇಂಡಕ್ಷನ್ ಒಲೆ ಇಟ್ಟುಕೊಂಡರೆ ಕರೆಂಟ್ ಫ್ರೀ ಅಲ್ವಾ ಅಂತ ಕೇಳುತ್ತಾರೆ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ನಿಜ. ಆದರೆ ಎಲ್ಲರಿಗೂ 200 ಯೂನಿಟ್ ಸಿಗಲ್ಲ. ಆ ಮೀಟರಿನ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ಹಾಕಿರುತ್ತಾರೆ. ಮಿತಿ ದಾಟಿದ್ದಕ್ಕೆ ದುಡ್ಡು ಕೊಡಬೇಕು, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. 2,000 ವಾಟ್‌ನ ಇಂಡಕ್ಷನ್ ದಿನಕ್ಕೊಂದು ಗಂಟೆ ಪೂರ್ತಿ ಉರಿದರೆ 2 ಯೂನಿಟ್, ತಿಂಗಳಿಗೆ 60. ಅಷ್ಟೇ ಶಕ್ತಿಯ ಗೀಸರ್ ನಾಲ್ಕು ಜನಕ್ಕೆ ಹದಿನೈದು ಹದಿನೈದು ನಿಮಿಷ ಓಡಿದರೆ ಇನ್ನೊಂದು 60. ಫ್ಯಾನು, ಲೈಟು, ನಾಲ್ಕು ಲ್ಯಾಪ್‌ಟಾಪ್ ಮೇಲಿನ ಮಾತು. ಮನೆ ಒಪ್ಪುವ ಮುಂಚೆ ಬೆಸ್ಕಾಂನ ಹಳೆಯ ಬಿಲ್ ಒಂದು ತೋರಿಸಿ ಅಂತ ಕೇಳಿ. ಹಿಂದಿದ್ದವರ ಆಧಾರ್ ಆ ಮೀಟರಿಗೆ ಜೋಡಣೆ ಆಗಿದ್ದರೆ ಅದನ್ನು ಡಿ-ಲಿಂಕ್ ಮಾಡಿಸಬೇಕು.

ನೀರು

ತುಮಕೂರಿನಲ್ಲಿ ಮನೆ ನೋಡುವಾಗ ಗೋಡೆ ಬಣ್ಣ ನೋಡಬೇಡಿ, ಸಂಪು ನೋಡಿ. ಊರಿಗೆ ಹೇಮಾವತಿ ನೀರು ನಾಲೆಯಲ್ಲಿ ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಶುದ್ಧವಾಗಿ ನಲ್ಲಿಗೆ ಬರುತ್ತದೆ. ದಿನಾ ಬರುತ್ತೆ ಅಂದುಕೊಳ್ಳಬೇಡಿ. ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ, ಮೋಟಾರ್ ಹಾಕುವುದು ಯಾರು, ಬೋರ್‌ವೆಲ್ ಇದೆಯಾ ಅಂತ ಕೇಳಿ. ಪಕ್ಕದ ಮನೆಯವರನ್ನೂ ಕೇಳಿ, ಓನರ್ ಉತ್ತರಕ್ಕೂ ಅವರ ಉತ್ತರಕ್ಕೂ ತಾಳೆ ಹಾಕಿ.

ಕುಡಿಯುವ ನೀರಿಗೆ ಶುದ್ಧ ನೀರಿನ ಘಟಕಕ್ಕೆ ಹೋಗಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಬೇಕು. 20 ಲೀಟರ್ ಅಂದರೆ 20 ಕೆ.ಜಿ. ಎರಡನೇ ಮಹಡಿಗೆ ಹತ್ತಿಸುವಾಗ ನಮಗೆ ಫಿಸಿಕ್ಸ್‌ನಲ್ಲಿ ಓದಿದ್ದೆಲ್ಲ ಅರ್ಥವಾಯಿತು.

ಒಲೆ ಹಚ್ಚುವವರು ಯಾರು

ಒಂದೂವರೆ ವರ್ಷದಲ್ಲಿ ನಾವು ದುಡ್ಡಿಗೆ ಜಗಳ ಆಡಿದ್ದು ಒಂದೇ ಸಲ. ಪಾತ್ರೆಗೆ ಜಗಳ ಆಡಿದ್ದು ಲೆಕ್ಕವಿಲ್ಲ.

ಮೊದಲ ವಾರ ಹಬ್ಬ. ಒಬ್ಬಳು ಬಸ್ಸಾರು ಮಾಡಿದಳು, ಒಬ್ಬಳು ಪುಳಿಯೋಗರೆ. ನಾನು ಮುದ್ದೆ ತೊಳಸಲು ಹೋಗಿ ಗಂಟು ಮಾಡಿದೆ, ಎಲ್ಲರೂ ನಕ್ಕು ಉಂಡರು. ಮೂರನೇ ವಾರಕ್ಕೆ ಟೊಮೆಟೊ ಬಾತ್. ಐದನೇ ವಾರಕ್ಕೂ ಟೊಮೆಟೊ ಬಾತ್. ಇಂಟರ್ನಲ್ಸ್ ಬಂದಾಗ ಸಿಂಕಿನಲ್ಲಿ ಎರಡು ದಿನದ ಕುಕ್ಕರ್. "ನಾನು ನಿನ್ನೆ ತೊಳೆದಿದ್ದೆ" ಅನ್ನುವ ಒಂದು ವಾಕ್ಯ ಆ ಮನೆಯಲ್ಲಿ ಎಷ್ಟು ಸಲ ಕೇಳಿಬಂತೋ. ಒಂದು ದಿನ ಒಬ್ಬಳು ಮೊಸರಿನ ಪಾತ್ರೆಯ ಮೇಲೆ ತನ್ನ ಹೆಸರು ಬರೆದಿಟ್ಟಳು. ಅವತ್ತು ನನಗೆ ನಮ್ಮೂರಿನ ಒಟ್ಟು ಮನೆಗಳು ಯಾಕೆ ಪಾಲಾಗುತ್ತವೆ ಅಂತ ಗೊತ್ತಾಯಿತು. ಹೊಲಕ್ಕಲ್ಲ, ಮೊಸರಿಗೆ.

ಆಮೇಲೆ ಒಂದು ದಾರಿ ಸಿಕ್ಕಿತು. ಮೂರು ಹೊತ್ತೂ ಅಡುಗೆ ಮಾಡುವ ಆಸೆ ಬಿಟ್ಟೆವು. ಬೆಳಗ್ಗೆ ಹೊರಗೆ. ಕ್ಯಾತಸಂದ್ರದ ತಟ್ಟೆ ಇಡ್ಲಿಯ ಊರಿನಲ್ಲಿ ಬೆಳಗ್ಗೆ ಎದ್ದು ಹಿಟ್ಟು ರುಬ್ಬುವುದೇಕೆ? ಮಧ್ಯಾಹ್ನ ಕ್ಯಾಂಟೀನ್ ಇಲ್ಲವೇ ರಾತ್ರಿ ಉಳಿದ ಅನ್ನದ ಚಿತ್ರಾನ್ನ. ರಾತ್ರಿ ಒಂದೇ ಹೊತ್ತು ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ. ಅಡುಗೆ ಮಾಡಿದವಳು ಪಾತ್ರೆ ಮುಟ್ಟುವ ಹಾಗಿಲ್ಲ. ಪರೀಕ್ಷೆ ಇದ್ದವಳಿಗೆ ಆ ವಾರ ರಜೆ, ಆಮೇಲೆ ಅವಳು ತೀರಿಸಬೇಕು. ನಮ್ಮಲ್ಲೊಬ್ಬಳು ಮೊಟ್ಟೆಯೂ ತಿನ್ನುತ್ತಿರಲಿಲ್ಲ, ಅವಳಿಗೆ ಒಂದು ಬಾಣಲೆ ಬೇರೆ. ಇಷ್ಟು ಮಾಡಿದರೂ ಸಂತೆ, ಅಡುಗೆ, ಪಾತ್ರೆ, ನೀರು ಎಲ್ಲ ಸೇರಿ ದಿನಕ್ಕೆ ಎರಡು ಗಂಟೆ ಹೋಗಿಯೇ ಹೋಗುತ್ತಿತ್ತು. ಹಾಸ್ಟೆಲ್‌ನಲ್ಲಿದ್ದವರು ಆ ಎರಡು ಗಂಟೆ ಓದುತ್ತಿದ್ದರು. ಓದುತ್ತಿದ್ದರು ಅಂತ ನಾವು ಅಂದುಕೊಂಡಿದ್ದೆವು.

ಹಾಗಾದರೆ ಮನೆ ಯಾಕೆ ಮಾಡಬೇಕು? ಜ್ವರ ಬಂದ ರಾತ್ರಿ ಗಂಜಿ ಕಾಯಿಸಿ ಕೊಟ್ಟವಳು ಪಕ್ಕದ ರೂಮಿನಲ್ಲೇ ಇದ್ದಳು, ಅದಕ್ಕೆ. ರಾತ್ರಿ ಒಂದು ಗಂಟೆಗೆ ಟೀ ಮಾಡಿಕೊಂಡು ಸ್ಪೆಕ್ಟ್ರೋಸ್ಕೋಪಿ ಓದಬಹುದಿತ್ತು, ಯಾರೂ ಲೈಟ್ ಆರಿಸು ಅನ್ನುತ್ತಿರಲಿಲ್ಲ, ಅದಕ್ಕೆ. ನಮ್ಮಮ್ಮ ಆಸ್ಪತ್ರೆಗೆ ತೋರಿಸಲು ಊರಿಂದ ಬಂದಾಗ ಎರಡು ರಾತ್ರಿ ನನ್ನ ಹತ್ತಿರವೇ ಮಲಗಿದ್ದಳು. ಹಾಸ್ಟೆಲ್‌ನಲ್ಲಿ ಅವಳನ್ನು ಗೇಟಿನ ಹೊರಗೆ ಕೂರಿಸಿ ಮಾತಾಡಿಸಿ ಕಳಿಸುತ್ತಿದ್ದೆ. ಬೆಳಗ್ಗೆ ಎದ್ದು ನಾಲ್ವರಿಗೂ ರಾಗಿ ರೊಟ್ಟಿ ತಟ್ಟಿ, "ನಿಮ್ಮ ಅಡುಗೆಮನೆ ಪರವಾಗಿಲ್ಲ" ಅಂದಳು. ಇದಕ್ಕೆ ಎಷ್ಟು ಬಾಡಿಗೆ ಅಂತ ಹಾಕುವುದು?

ನನ್ನನ್ನು ಕೇಳಿದರೆ

ಡಿಗ್ರಿಗೆ ಹೊಸದಾಗಿ ಬರುವವರು ಹಾಸ್ಟೆಲ್‌ಗೆ ಅರ್ಜಿ ಹಾಕಿ. ಸಿಗದಿದ್ದರೆ ಒಂದು ಸೆಮಿಸ್ಟರ್ ಪಿಜಿ. ಊರಿಗೆ ಬಂದ ಮೊದಲ ತಿಂಗಳಲ್ಲೇ, ವಾಟ್ಸಾಪ್ ಗ್ರೂಪಿನಲ್ಲಿ ಪರಿಚಯವಾದವರ ಜೊತೆ ಮನೆ ಮಾಡಲೇಬೇಡಿ. ಕನಿಷ್ಠ ಒಂದು ಸೆಮಿಸ್ಟರ್ ಒಟ್ಟಿಗೆ ಉಂಡವರ ಜೊತೆ ಮಾತ್ರ ಮಾಡಿ. ಎಂ.ಎಸ್ಸಿ., ಎಂ.ಎ. ಓದುವವರಿಗೆ, ಎಂಜಿನಿಯರಿಂಗ್ ಮೂರನೇ ವರ್ಷದ ಮೇಲಿನವರಿಗೆ ಮನೆ ಒಳ್ಳೆಯದೇ.

ಎಷ್ಟು ಜನ? ದುಡ್ಡಿಗೆ ನಾಲ್ಕು ಒಳ್ಳೆಯದು, ಒಬ್ಬಳು ಹೋದರೂ ತಡೆದುಕೊಳ್ಳಬಹುದು. ನೆಮ್ಮದಿಗೆ ಮೂರು. ನನ್ನ ಓಟು ಮೂರಕ್ಕೆ. ನಾಲ್ಕು ಜನ ಇದ್ದಾಗ ಎರಡು ಎರಡು ಪಾರ್ಟಿ ಆಗುತ್ತದೆ, ಪಂಚಾಯಿತಿ ಹೇಳಲು ಯಾರೂ ಉಳಿಯಲ್ಲ. ಗುಂಪಿನಲ್ಲಿ ಅಡುಗೆ ಬರುವವಳು ಒಬ್ಬಳು ಇರಬೇಕು, ಲೆಕ್ಕ ಬರೆಯುವವಳು ಒಬ್ಬಳು ಇರಬೇಕು. ಇಬ್ಬರೂ ಒಬ್ಬಳೇ ಆಗಿರಬಾರದು. ಹಾಗಾದರೆ ಆರು ತಿಂಗಳಲ್ಲಿ ಅವಳು ಎಲ್ಲರ ಅತ್ತೆಯಾಗಿಬಿಡುತ್ತಾಳೆ.

ಇದನ್ನೆಲ್ಲ ಓದಿ ಅಕ್ಕನ ಮಗಳು ಎರಡು ದಿನ ಫೋನ್ ಮಾಡಲಿಲ್ಲ. ಸಿಟ್ಟಾಗಿದ್ದಾಳೆ ಅಂದುಕೊಂಡೆ. ಮೂರನೇ ದಿನ ಮಾಡಿದಳು.

"ಚಿಕ್ಕಮ್ಮ, ನಾಲ್ಕು ಜನರನ್ನೂ ಕೇಳ್ದೆ. ಯಾರಿಗೂ ಸಾರು ಮಾಡೋಕೆ ಬರಲ್ಲ."

ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದಾರಂತೆ. ಮನೆ ಮುಂದಿನ ಸೆಮಿಸ್ಟರ್‌ಗೆ ನೋಡುತ್ತಾರಂತೆ, ಅದೂ ಮೂರೇ ಜನ. ನಾಲ್ಕನೆಯವಳು ಯಾರು, ಯಾಕೆ ಬಿಟ್ಟಳು ಅಂತ ನಾನು ಕೇಳಲಿಲ್ಲ. ಅಶೋಕನಗರದ ಮನೆಗೆ ನಾನು ಒಯ್ದಿದ್ದ ಕುಕ್ಕರ್ ಇನ್ನೂ ಇದೆಯಾ ಅಂತ ಕೇಳಿದಳು. ಇದೆ. ಗ್ಯಾಸ್ಕೆಟ್ ಹೋಗಿತ್ತು, ಮೊನ್ನೆ ಹೊಸದು ಹಾಕಿಸಿದೆ.